ಇಟ್ಟು ಹೋದ ನಾಯಿ

ಎಡಗೈಯೇ ಇರಬೇಕು. ಬಲಗೈ ಎಂದು ಮೊದಲು ಬರೆದು ಹೊಡೆದುಹಾಕಿದೆ. ಬಲಗೈಯಲ್ಲಿ ಕಾಕು ಬೆಕ್ಕಿನ ಕುತ್ತಿಗೆಯ ಚರ್ಮ ಹಿಡಿದಿರುತ್ತಿದ್ದರು, ಆದ್ದರಿಂದ ಪರಚಿಸಿಕೊಂಡದ್ದು ಎಡಗೈ ಆಗಿರಲೇಬೇಕು. ಆದರೆ ಇದು ನೆನಪಲ್ಲ, ಊಹೆ. ನಿಜಕ್ಕೂ ನೆನಪಿರುವುದು ಬಣ್ಣ ಮಾತ್ರ. ಮಣಿಕಟ್ಟಿನಿಂದ ಮೊಣಕೈಯವರೆಗೆ ಅಡ್ಡಾದಿಡ್ಡಿ ಗೀರುಗಳು, ಗೀರುಗಳೊಳಗೆ ತುಂಬಿದ ಅರಿಶಿನ. ದೂರದಿಂದ ನೋಡಿದರೆ ಯಾರೋ ಹಳದಿ ಪೆನ್ಸಿಲ್ಲಿನಿಂದ ಕೈಮೇಲೆ ಗೀಚಿದಂತೆ ಕಾಣುತ್ತಿತ್ತು. "ಸೂಜಿ ಮಾಡಿಸಿಕೊಂಡಿಲ್ಲೇನ್ರಿ?" ಎಂದು ಯಾರಾದರೂ ಗಾಬರಿಯಾದರೆ, "ಸೂಜೀನೂ ಆಗ್ಯದ, ಸಾಬೂನು ನೀರೂ ಆಗ್ಯದ. ಅರಿಷಿಣ ಬರೇ ಚಂದಕ್ಕ" ಎನ್ನುತ್ತಿದ್ದರು.

ಕೊಂಢವಾ ಬಡಾವಣೆಯ ನಮ್ಮ ಸೊಸೈಟಿಯಲ್ಲಿ ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು, ಮರಾಠಿಯವರೂ ನಾವೂ. ಕಾಕಾ ಇಲ್ಲದ ಕಾಕು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಪ್ರತಿ ಸಲವೂ ಬೇರೆ ಕಾರಣ ಕೊಡುತ್ತಿದ್ದರು. ನನಗೆ ಹೇಳಿದ್ದು, "ಹುಡುಗ ನೋಡ್ಲಿಕ್ಕೆ ಬಂದಾಗ ನಮ್ಮ ಬೆಕ್ಕು ಅವನ ಚಪ್ಪಲಿಯೊಳಗ ಮರಿ ಹಾಕಿತ್ತು." ನಮ್ಮ ಪಕ್ಕದ ಮನೆಯವರಿಗೆ ಹೇಳಿದ್ದು ಜಾತಕ ಕೂಡಲಿಲ್ಲವೆಂದು. ಎರಡರಲ್ಲಿ ಯಾವುದು ನಿಜ ಎಂಬ ಪ್ರಶ್ನೆಯನ್ನು ನಾನು ಕೈಬಿಟ್ಟಿದ್ದೇನೆ. ವಿಜಯಪುರದ ಕಡೆಯವರು, ಕ್ಯಾಂಪ್ ಎಂಬ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು, ನೆಲಮಹಡಿಯ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದವರು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಅವರ ಮೇಲಿನ ಮನೆ ನನ್ನದು.

ಒಬ್ಬರೇ ಎಂದದ್ದೂ ತಪ್ಪು. ಅವರದೇ ಆದ ಒಂದು ಮುದಿ ಹೆಣ್ಣುನಾಯಿ ಇತ್ತು. ಅದಲ್ಲದೆ ಪ್ರಾಣಿಗಳನ್ನು ಕಾಪಾಡುವ ಸಂಸ್ಥೆಯೊಂದು ಬೀದಿಯಿಂದ ಎತ್ತಿ ತಂದ ಮರಿಗಳನ್ನು, ಕಾಲು ಮುರಿದ ನಾಯಿಗಳನ್ನು, ಕಣ್ಣು ಅಂಟಿಕೊಂಡ ಬೆಕ್ಕುಗಳನ್ನು ಅವರಲ್ಲಿ ತಂದು ಬಿಡುತ್ತಿತ್ತು. ಗುಣವಾಗುವವರೆಗೆ ಸಾಕಬೇಕು, ಆಮೇಲೆ ಸಂಸ್ಥೆ ಗೊತ್ತುಮಾಡಿದ ಮನೆಗೆ ಕೊಟ್ಟುಬಿಡಬೇಕು. ಹೊಸದಾಗಿ ಬಂದದ್ದನ್ನು ಉಳಿದವುಗಳೊಂದಿಗೆ ಕೂಡಲೇ ಬೆರೆಸುವಂತಿಲ್ಲ, ರೋಗವಿದ್ದರೆ ಎಲ್ಲಕ್ಕೂ ಅಂಟುತ್ತದೆ. ಆ ಮನೆಯಲ್ಲಿ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವ ಕೋಣೆ ಒಂದೇ, ದೇವರ ಕೋಣೆ. ಹೀಗಾಗಿ ದೇವರು ಫ್ರಿಜ್ಜಿನ ಮೇಲಕ್ಕೆ ಹೋದರು, ಮರಿಗಳು ದೇವರ ಕೋಣೆಗೆ ಬಂದವು. ಪೂಜೆ ಫ್ರಿಜ್ಜಿನೆದುರು ನಿಂತುಕೊಂಡೇ. ಮೊಸರು ತೆಗೆಯಲು ಬಾಗಿಲು ಎಳೆದರೆ ಮೇಲಿದ್ದ ವಿಠೋಬಾ ಅಲುಗಾಡುತ್ತಿದ್ದ. ಕಾಕು ಒಂದು ಕೈಯೆತ್ತಿ ಅವನನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ಪಾತ್ರೆ ತೆಗೆಯುತ್ತಿದ್ದರು.

ಸೊಸೈಟಿಯ ಚೇರ್ಮನ್ನರು ಒಂದು ದಿನ ಬಾಗಿಲಲ್ಲೇ ನಿಂತು ಒಳಗೆ ಇಣುಕಿದರು. "ಕಾಕೂ, ದೇವಘರಾತ್ ಕುತ್ರಾ?" ದೇವರ ಮನೆಯಲ್ಲಿ ನಾಯಿಯೇ ಎಂದು ಕೇಳಿದ್ದು. ಕಾಕು ಮರಾಠಿಯಲ್ಲೇ ಉತ್ತರಿಸಿದರು. ಜಾಗ ಬದಲಾದರೆ ದೇವರಿಗೆ ಜ್ವರ ಬರುವುದಿಲ್ಲ, ಇವಕ್ಕೆ ಬರುತ್ತದೆ. ನಿಮಗೆ ಅಷ್ಟು ಸಂಕಟವಾದರೆ ದೇವರನ್ನು ನಿಮ್ಮ ಮನೆಗೆ ಒಯ್ದು ಸ್ವಲ್ಪ ದಿನ ಇಟ್ಟುಕೊಳ್ಳಿ. ಚೇರ್ಮನ್ನರು ಒಯ್ಯಲಿಲ್ಲ. ಅವರು ಹೋದ ಮೇಲೆ ಕಾಕು ನನಗೆ, "ನೋಡು ತಮ್ಮಾ, ದೇವರನ್ನ ಸಾಕೂ ಮಂದೀನೂ ಸಿಗೂದಿಲ್ಲ" ಎಂದರು.

ಅವರ ಇನ್ನೊಂದು ರೀತಿಯನ್ನು ಕಂಡು ನಾನು ಮೊದಮೊದಲು ತಮಾಷೆ ಎಂದುಕೊಂಡಿದ್ದೆ. ತಮ್ಮ ನಾಯಿ ಹುಚ್ಚಿಗೆ ಏಕವಚನ, "ಏ ಹುಚ್ಚಿ, ಸರಿ ಅತ್ತ." ಸಂಸ್ಥೆಯಿಂದ ಬಂದವಕ್ಕೆಲ್ಲ ಬಹುವಚನ. "ಬರ್ರಿ, ಊಟ ಆಗೇದ. ಕೂಡ್ರಿ. ಹಂಗ ಕಡೀಬ್ಯಾಡ್ರಿ, ಕಾಲು ಇನ್ನೂ ಹಸೀ ಅದ." ಹೊಲಿಗೆ ಬಿಚ್ಚಿಕೊಂಡ ಬೀದಿನಾಯಿಗೆ ಇಷ್ಟೊಂದು ಗೌರವ ಯಾಕೆ ಎಂದು ಕೇಳಿದೆ. "ಇನ್ನೊಬ್ಬರ ಮನೀಗೆ ಹೋಗೂ ಜೀವ. ಬೀಗರ ಮಂದಿ ಇದ್ದಂಗ. ನೀ ಬೀಗರಿಗೆ ಏಕವಚನ ಅಂತೀಯೇನು?" ಅವರ ಮುಖದಲ್ಲಿ ನಗುವಿರಲಿಲ್ಲ. ಪ್ರೀತಿ ಬೆಳೆಯದಂತೆ ಹಾಕಿಕೊಂಡ ಬೇಲಿ ಅದು ಎಂದು ಒಮ್ಮೆ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಪ್ರತಿಯೊಂದಕ್ಕೂ ಅರ್ಥ ಹಚ್ಚುವ ಚಟ ಹತ್ತುತ್ತದೆ.

ಸಾಕಲಾರೆವೆಂದು ತಮ್ಮ ಪ್ರಾಣಿಯನ್ನು ತಂದು ಕೊಡಲು ಬಂದವರನ್ನು ಕಾಕು ನಡೆಸಿಕೊಳ್ಳುತ್ತಿದ್ದ ಬಗೆ ಬೇರೆ. ಬೈಯುತ್ತಿರಲಿಲ್ಲ, ಪ್ರಾಣಿಯನ್ನು ತೆಗೆದುಕೊಳ್ಳುತ್ತಲೂ ಇರಲಿಲ್ಲ. ಚಹಾ ಕೊಟ್ಟು, "ಏನು ಅಡಚಣಿ?" ಎಂದು ಕೇಳಿ, ಆ ಅಡಚಣೆಯನ್ನು ಹಿಡಿದುಕೊಂಡು ಅವರ ಮನೆಗೇ ಹೋಗಿಬಿಡುತ್ತಿದ್ದರು. ನಮ್ಮ ಬೀದಿಯಲ್ಲಿ ಒಬ್ಬಳು ಬಾಣಂತಿಯ ಅತ್ತೆ, ಕೂಸು ಬಂತು, ಇನ್ನು ನಾಯಿ ಬೇಡ ಎಂದು ಹಟ ಹಿಡಿದಾಗ ಕಾಕು ದಿನಾ ಬೆಳಿಗ್ಗೆ ಸಂಜೆ ಹೋಗಿ ಆ ನಾಯಿಯನ್ನು ಅಡ್ಡಾಡಿಸಿದರು, ಕೂಸಿನ ಅಂಗಿಯನ್ನು ಅದಕ್ಕೆ ಮೂಸಲು ಕೊಟ್ಟು ರೂಢಿ ಮಾಡಿಸಿದರು, ನಡುನಡುವೆ ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿದರು. ನಾಯಿ ಉಳಿಯಿತು. ನನ್ನ ಬೆಕ್ಕಿಗೆ ಮೂತ್ರಪಿಂಡದ ಬೇನೆ ಬಂದಾಗ ಡಾಕ್ಟರು ಹೇಳಿಕೊಟ್ಟ ಹಾಗೆ ಚರ್ಮದಡಿ ಸಲೈನ್ ಕೊಡಲು ಹೋಗಿ ಸೂಜಿಯನ್ನು ಮತ್ತೆ ಮತ್ತೆ ಹಿಂದಕ್ಕೆ ತೆಗೆಯುತ್ತಿದ್ದೆ. ಕಾಕು ಪಕ್ಕದಲ್ಲಿ ಕೂತು, "ನಿನ್ನ ಅಂಜಿಕಿ ಅದಕ್ಕ ಹೇಳಬ್ಯಾಡ. ಅದು ತನ್ನದ ಚಿಂತಿಯೊಳಗ ಅದ" ಎಂದರು. ಆ ಬೆಕ್ಕು ನನ್ನೊಂದಿಗೆ ಮತ್ತೆ ಬಹಳ ಕಾಲ ಇತ್ತು. ಬಿಡಿಸಿಕೊಂಡು ಬರುವುದು ಸುಲಭ, ಇಟ್ಟುಕೊಳ್ಳುವ ಹಾಗೆ ಮಾಡುವುದೇ ಕೆಲಸ, ಎನ್ನುತ್ತಿದ್ದರು.

ಸಂಸ್ಥೆಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಅದು ಬಿರುಕಾದದ್ದು ಕೆಂಚನ ವಿಷಯದಲ್ಲಿ.

ನಮ್ಮ ಬೀದಿಯ ಕೊನೆಗೆ ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅಲ್ಲಿ ತಗಡಿನ ಗುಡಿಸಲಲ್ಲಿದ್ದ ಯಾದಗಿರಿ ಕಡೆಯ ಕೂಲಿ ಹೆಂಗಸೊಬ್ಬಳ ನಾಯಿ ಕೆಂಚ. ಕೆಂಪು ಮೈ, ಒಂದು ಕಿವಿ ಮಡಚಿದ್ದು. ಒಂದು ಮಧ್ಯಾಹ್ನ ಆಕೆ ಅದನ್ನು ಸೀರೆಯ ಅಂಚಿನ ತುಂಡಿನಿಂದ ಕಟ್ಟಿಕೊಂಡು ಕಾಕುವಿನ ಬಾಗಿಲಿಗೆ ಬಂದಳು. ಆಗ ನಾನು ಅಲ್ಲೇ ಇದ್ದೆ ಎಂದು ನನ್ನ ನಂಬಿಕೆ. ಇರಲಿಲ್ಲವೆಂದರೂ ಕಾಕು ಅದನ್ನು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ಈಗ ನಾನು ಕಂಡದ್ದೇ ಆಗಿಬಿಟ್ಟಿದೆ.

"ಅಕ್ಕಾರ, ನಮ್ಮನ್ನ ಇಂದಾಪುರಕ್ಕ ಒಯ್ಯಾಕ ಹತ್ಯಾರ್ರಿ. ಅಲ್ಲಿ ಗೋದಾಮ ಕಟ್ಟೂದೈತಂತ. ಕೂಲಿ ಮಂದೀನ ಒಯ್ಯೂ ಮುಕಾದಮ ಟ್ರಕ್ಕಿನ್ಯಾಗ ನಾಯಿ ಹತ್ತಸಂಗಿಲ್ಲ ಅಂತಾನ್ರಿ."

"ಹತ್ತಸಿದ್ರ ಏನಾಗತದಂತ?"

"ನಿನ್ನ ಇಳಸತೀನಿ ಅಂದ್ರಿ."

ಕಾಕು ನಾಯಿಯನ್ನು ನೋಡಿದರು. "ಹೆಸರೇನು ಇವರದು?"

"ಯಾರದ್ರಿ? ಗಂಡಂದೇನು?"

"ನಾಯೀದು, ತಂಗಿ."

"ಕೆಂಚ ಅಂತೀವ್ರಿ. ಕೆಲಸ ಮುಗದ ಕೂಡ್ಲೆ ಬಂದು ಒಯ್ತೀನ್ರಿ ಅಕ್ಕಾರ. ಎಂದು ಅಂತ ಹೇಳಾಕ ಆಗೂದಿಲ್ಲ."

"ನಾ ಕೇಳಿಲ್ಲಲ್ಲ."

ಆಕೆ ಗಂಡನ ಫೋನ್ ನಂಬರು ಹೇಳಿ, ನಾಯಿಯ ಬಾಯಿಗೆ ರೊಟ್ಟಿಯ ಚೂರು ಹಾಕಿ, ಅದು ಅಗಿಯುತ್ತಿರುವಾಗಲೇ ತಿರುಗಿ ನೋಡದೆ ಹೋದಳು. ಕೆಲವು ವಾರ ಆ ನಂಬರಿಗೆ ಯಾರಾದರೂ ಸಿಗುತ್ತಿದ್ದರು. ಆಮೇಲೆ ಅದು ನಿಂತೇ ಹೋಯಿತು.

ಸಂಸ್ಥೆಯ ಪರವಾಗಿ ನಮ್ಮ ಕಡೆ ಓಡಾಡುತ್ತಿದ್ದವಳು ಬೆಂಗಳೂರಿನಿಂದ ಬಂದು ಇಲ್ಲಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಒಳ್ಳೆಯವಳು. ಚರಂಡಿಗೆ ಇಳಿದು ಮರಿ ಎತ್ತಿದ್ದನ್ನು ನಾನೇ ಕಂಡಿದ್ದೇನೆ. ಅವಳ ಬಗ್ಗೆ ಇಲ್ಲಿ ಒಂದು ಮಾತು ಕೆಟ್ಟದಾಗಿ ಕೇಳಿಸಿದರೆ ತಪ್ಪು ನನ್ನ ಬರವಣಿಗೆಯದು. ಕೆಂಚನನ್ನು ಕಂಡ ಅವಳಿಗೆ ಅದಕ್ಕೆ ತಕ್ಕ ಮನೆಯೊಂದು ನೆನಪಾಯಿತು. ಕ್ಯಾಂಪಿನಲ್ಲಿ ಹಳೆಯ ಬಂಗಲೆ, ಸುತ್ತ ಅಂಗಳ, ಗಂಡ ಹೆಂಡತಿ ಇಬ್ಬರಿಗೂ ನಾಯಿಯೆಂದರೆ ಜೀವ. ಅವರು ಬಂದು ನೋಡಿದರು. ಕೆಂಚನೂ ಅವರ ಕೈ ನೆಕ್ಕಿತು.

"ಆಂಟಿ, ಇಂಥ ಮನೆ ಮತ್ತೆ ಸಿಗಲ್ಲ," ಎಂದಳು ಹುಡುಗಿ.

"ಭಾಳ ಚಲೋ ಮಂದಿ. ಅವರಿಗೆ ಬ್ಯಾರೆ ನಾಯಿ ಕೊಡು."

"ಇವನಿಗೇನು ಕಮ್ಮಿ?"

"ಇವರಿಗೆ ಮನೀ ಅದ."

"ಎಲ್ಲಿದೆ ಆಂಟಿ? ಫೋನ್ ಇಲ್ಲ, ಅಡ್ರೆಸ್ ಇಲ್ಲ. ಅವ್ರು ಬಿಟ್ಟು ಹೋಗಿದಾರೆ. ನೀವು ಒಪ್ಕೋತಿಲ್ಲ ಅಷ್ಟೇ."

"ಬಿಟ್ಟು ಹೋಗಿಲ್ಲವ್ವಾ. ಇಟ್ಟು ಹೋಗ್ಯಾಳ."

ಹುಡುಗಿ ನನ್ನ ಕಡೆ ನೋಡಿದಳು, ಸಹಾಯಕ್ಕೆ.

"ವ್ಯತ್ಯಾಸ ಏನು ಆಂಟಿ, ನಾಯಿಗೆ?"

"ನಾಯಿಗೆ ಇರಲಿಕ್ಕಿಲ್ಲ. ಆಕಿಗೆ ಅದ. ಗಾಡಿ ಇದ್ದವರು ಊರಿಗೆ ಹೋಗೂ ಮುಂದ ನಾಯೀನ ಹಾಸ್ಟೆಲ್ಲಿಗೆ ಹಾಕಿ ಹೋಗತಾರ. ಅವರು ಬರೂದು ತಡಾ ಆದ್ರ ಅದನ್ನ ಇನ್ನೊಬ್ಬರಿಗೆ ಕೊಟ್ಟುಬಿಡತೀಯೇನು ನೀ?"

"ಅವರು ಫೋನ್ ಮಾಡ್ತಾರೆ."

"ಫೋನ್ ಇದ್ದವರು ಮಾಡತಾರ."

ಸಂಸ್ಥೆಯವರು ಅಲ್ಲಿಗೆ ಬಿಡಲಿಲ್ಲ. ಸ್ವಲ್ಪ ದಿನ ಕಳೆದು ಹುಡುಗಿ ಮತ್ತೆ ಬಂದಳು, ಈ ಸಲ ಕೂರಲಿಲ್ಲ. ಕೆಂಚನನ್ನು ಆ ಮನೆಗೆ ಕೊಡದಿದ್ದರೆ ಇನ್ನು ಕಾಕುವಿನಲ್ಲಿ ಯಾವ ಪ್ರಾಣಿಯನ್ನೂ ಬಿಡಬಾರದೆಂದು ಸಂಸ್ಥೆಯಲ್ಲಿ ಮಾತಾಗಿದೆ ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಕಾಕುವಿನ ಕಣ್ಣಲ್ಲಿ ಇರಲಿಲ್ಲ. "ಹಂಗಾದ್ರ ಬಿಡಬ್ಯಾಡ್ರಿ," ಎಂದರು. "ಚಹಾ ಕುಡದು ಹೋಗ್ರಿ."

ಅಂದಿನಿಂದ ಕಾಕುವಿನ ಮಾತಿನಲ್ಲಿ ಆ ಹುಡುಗಿಯೂ ಬಹುವಚನದ ಸಾಲಿಗೇ ಸೇರಿದಳು.

ದೇವರ ಕೋಣೆ ಖಾಲಿಯಾಯಿತು. ನೆಲ ತೊಳೆದು ಬಾಗಿಲು ತೆರೆದಿಟ್ಟರು. ದೇವರನ್ನು ಮಾತ್ರ ಫ್ರಿಜ್ಜಿನಿಂದ ಇಳಿಸಲಿಲ್ಲ. ನಾನು ಕೇಳಿದಾಗ, "ಸೊಂಟ ನೋಯತದ, ಮತ್ತ ಮತ್ತ ಯಾರು ಎತ್ತಿ ಇಡೂದು? ಇಂದಲ್ಲ ನಾಳೆ ಯಾರರ ಬರತಾರ" ಎಂದರು. ಯಾರೂ ಬರಲಿಲ್ಲ. ಆ ದಿನಗಳಲ್ಲಿ ಅವರು ಮೆಟ್ಟಿಲ ಬಳಿ ಸುಮ್ಮನೆ ಕೂತಿರುವುದನ್ನು ಕಂಡಿದ್ದೇನೆ. ಕೈಮೇಲಿನ ಗೀರುಗಳು ಮಾಯ್ದು ಚರ್ಮ ಒಂದೇ ಬಣ್ಣಕ್ಕೆ ಬಂದಿತ್ತು. ಅದನ್ನು ನೋಡಲು ನನಗೆ ಹಿಂಸೆಯಾಗುತ್ತಿತ್ತು ಎಂದು ಬರೆದರೆ ಹೆಚ್ಚಾದೀತೋ ಏನೋ, ಆದರೆ ಅಳಿಸುವುದಿಲ್ಲ.

ಒಂದು ದಿನ ಬೆಳಿಗ್ಗೆ ಮೇಲೆ ಬಂದು, "ಇಂದಾಪುರಕ್ಕ ಹೋಗೂಣೇನು?" ಎಂದರು. ಮುದಿ ನಾಯಿಯನ್ನೂ ಕೆಂಚನನ್ನೂ ನಮ್ಮ ಪಕ್ಕದ ಮನೆಯವರಿಗೆ ಒಪ್ಪಿಸಿ, ಹಡಪ್ಸರಿಗೆ ಹೋಗಿ ಸರಕಾರಿ ಎಸ್‌ಟಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಾಕು ಕಂಡಕ್ಟರನಿಗೆ ಕೆಂಚನ ಕಥೆ ಹೇಳಿದರು. ಅವನು ಸೊಲ್ಲಾಪುರದವನು, ಅರೆ ಮರಾಠಿ ಅರೆ ಕನ್ನಡ. "ಕಾಕೂ, ಮನುಷ್ಯಾರನ್ನ ಹುಡುಕೂದ ಕಷ್ಟ ಅದ. ನೀವು ನಾಯೀ ಮಾಲಕರನ್ನ ಹುಡುಕಲಿಕ್ಕೆ ಹೊಂಟೀರಿ?" ಎಂದು ನಕ್ಕ. "ನಾಯಿ ಮಾಲಕರೂ ಮನುಷ್ಯಾರ ಇರತಾರೋ" ಎಂದರು ಕಾಕು.

ಗೋದಾಮು ಸಿಕ್ಕಿತು. ಕಟ್ಟಿ ಮುಗಿದಿತ್ತು, ಶಟರಿಗೆ ನೀಲಿ ಬಣ್ಣ ಬಳಿದಿತ್ತು. ಕೂಲಿಯವರು ಯಾವಾಗಲೋ ಎದ್ದು ಹೋಗಿದ್ದರು. ಬಾರಾಮತಿ ಕಡೆಗೆ ಎಂದ ಎದುರಿನ ಚಹಾ ಅಂಗಡಿಯವನು. ಇಲ್ಲ, ಊರಿಗೆ ಹೋದರು ಎಂದಳು ಅವನ ಹೆಂಡತಿ. ಕಾಕು ಚಹಾ ಕುಡಿಯುತ್ತ ಆ ನೀಲಿ ಶಟರನ್ನೇ ನೋಡಿದರು. ನಾನು ಸಮಾಧಾನ ಹೇಳಲು ಬಾಯಿ ತೆರೆದೆ.

"ಸುಮ್ಮನಿರು," ಎಂದರು. "ಇಲ್ಲಿ ಇಲ್ಲ ಅಂದ್ರ ಎಲ್ಲೂ ಇಲ್ಲ ಅಂತಲ್ಲ."

ಆಮೇಲೆ ಅವರು ಮಾಡಿದ್ದನ್ನು ನಾನು ನಾಚಿಕೊಂಡೇ ನೋಡುತ್ತಿದ್ದೆ. ರಸ್ತೆ ಬದಿ ಕಬ್ಬಿನ ಗಾಡಿ ನಿಲ್ಲಿಸಿಕೊಂಡವರ ಬಳಿ, ಇಟ್ಟಂಗಿ ಇಳಿಸುತ್ತಿದ್ದವರ ಬಳಿ, ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆಯ ಮೇಲೆ ಕೂತಿದ್ದ ಹೆಂಗಸರ ಬಳಿ, ಎಲ್ಲಿ ಕನ್ನಡ ಕಿವಿಗೆ ಬಿತ್ತೋ ಅಲ್ಲೆಲ್ಲ ಹೋಗಿ ನಿಂತರು. "ಯಾವ ಕಡೇವರವ್ವಾ? ಯಾದಗಿರಿ ಕಡೆ ಕೆಂಚ ಅನ್ನೂ ನಾಯಿ ಸಾಕಿದಾಕಿ ಯಾರರ ಭೆಟ್ಟಿ ಆದ್ರ ಹೇಳ್ರಿ, ನಾಯಿ ಕೊಂಢವಾದಾಗ ಅದ, ಆರಾಮ ಅದ ಅಂತ." ಕೆಲವರು ನಕ್ಕರು. ಒಬ್ಬ ಮುದುಕಿ ಮಾತ್ರ ಗಂಭೀರವಾಗಿ, "ಯಾ ಕಿವಿ ಮಡಚೇತಿ?" ಎಂದು ಕೇಳಿದಳು. ಕಾಕುವಿಗೆ ಆ ಕ್ಷಣ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಬರುವಾಗ ಬಸ್ಸಿನಲ್ಲಿ ಅದನ್ನೇ ನೆನೆದು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ದೀಪಾವಳಿ ಕಳೆದ ಮೇಲೆ ಆಕೆ ಬಂದಳು.

ಸಿನಿಮಾದ ಹಾಗೆ ಏನೂ ನಡೆಯಲಿಲ್ಲ. ಮಧ್ಯಾಹ್ನ, ಸೊಂಟದಲ್ಲಿ ಹಸುಗೂಸು, ಕೈಯಲ್ಲಿ ಚೀಲ. ಹೆರಿಗೆಗೆ ಊರಿಗೆ ಹೋಗಿದ್ದಳಂತೆ. ಗಂಡ ಫೋನನ್ನು ಕಾಂಕ್ರೀಟಿನಲ್ಲಿ ಬೀಳಿಸಿದ್ದನಂತೆ. ಇಂದಾಪುರದ ಸುದ್ದಿ ನಿನಗೆ ಮುಟ್ಟಿತೇ ಎಂದು ನಾನು ಕೇಳಿದ್ದಕ್ಕೆ, "ಯಾ ಸುದ್ದಿರಿ?" ಎಂದಳು. ಯಾವ ಸುದ್ದಿಯೂ ಮುಟ್ಟಿರಲಿಲ್ಲ. ಬರುತ್ತೇನೆ ಎಂದಿದ್ದಳು, ಬಂದಿದ್ದಳು, ಅಷ್ಟೇ.

"ಬಾರಲೇ ಕೆಂಚ," ಎಂದಳು. ಕೆಂಚ ಎದ್ದು ಆಕೆಯ ಸೀರೆ ಮೂಸಿತು, ಕೂಸಿನ ಪಾದ ಮೂಸಿತು, ಸೀನಿತು. ಬಾಲ ಮೊದಲು ಮೆಲ್ಲಗೆ, ಆಮೇಲೆ ಗೋಡೆಗೆ ಬಡಿಯುವಷ್ಟು ಜೋರಾಗಿ. ಒಳಗಿನಿಂದ ಕಾಕು ಅಭ್ಯಾಸಬಲದಿಂದ "ಕೂಡ್ರಿ, ಕೂಡ್ರಿ" ಎಂದರು. ನಾಯಿ ತಟ್ಟನೆ ಕೂತುಬಿಟ್ಟಿತು. ಆಕೆ ಕಣ್ಣರಳಿಸಿದಳು.

"ಏನ್ರಿ ಅಕ್ಕಾರ, ಇದಕ್ಕ ರೀ ಹಚ್ಚಿ ಮಾತಾಡಿದ್ರಿ? ನನ್ನ ಗಂಡಗ ಅಂದಿಲ್ಲ ನಾ."

"ಗಂಡಗ ನೀ ಏನರ ಅನ್ನು. ಮಂದಿ ನಾಯಿಗೆ ನಾ ಹ್ಯಾಂಗ ಏಕವಚನ ಅನ್ನಲಿ?"

ನಾನು ಬೆಂಗಳೂರಿನ ಹುಡುಗಿಗೆ ಫೋನ್ ಮಾಡಿದ್ದೆ. ಗೆದ್ದೆವೆಂದು ತೋರಿಸಲೋ, ಅವಳೂ ನೋಡಲೆಂದೋ, ಯಾವುದಕ್ಕೆಂದು ಈಗ ಹೇಳಲಾರೆ. ಆಫೀಸಿನಿಂದ ಓಡಿಬಂದಳು. ಕೆಂಚನ ಬಾಲ ನೋಡಿ ಅವಳ ಮುಖ ಮೃದುವಾಯಿತು. ಆದರೂ ಕೇಳಿದಳು. ಈಗ ಎಲ್ಲಿ ಇರುತ್ತೀರಿ, ಒಮ್ಮೆ ಬಂದು ಜಾಗ ನೋಡಬಹುದೇ, ತಿಂಗಳಿಗೊಂದು ಫೋಟೋ ಕಳಿಸುತ್ತೀರಾ, ಹೊಸ ನಂಬರೇನು?

ಆಕೆ ನಂಬರು ಹೇಳಲು ಬಾಯಿ ತೆರೆದಳು. ಕಾಕು ತಡೆದರು.

"ಹೇಳಬ್ಯಾಡ."

"ಆಂಟಿ, ನಾನು ಒಳ್ಳೇದಕ್ಕೇ ಕೇಳ್ತಿರೋದು."

"ಗೊತ್ತದ ರೀ. ಆದ್ರ ಈಕಿ ನಿಮ್ಮ ನಾಯಿ ಕೇಳಲಿಕ್ಕೆ ಬಂದಿಲ್ಲ. ತನ್ನ ನಾಯಿ ಒಯ್ಯಲಿಕ್ಕೆ ಬಂದಾಳ. ನನ್ನ ಮನೀ ನೋಡ್ರಿ, ದೇವರು ಫ್ರಿಜ್ಜಿನ ಮ್ಯಾಲೆ ಕುಂತಾನ. ಇಲ್ಲಿಗೆ ಬಂದು ಯಾರರ ಹುಚ್ಚೀದು ಫೋಟೋ ಕೇಳ್ಯಾರೇನು? ಆಕಿ ಮನೀಗೆ ತಗಡಿನ ಮಾಳಿಗಿ ಅದ ಅಂತ ಕೇಳತೀರಿ."

"ಹಾಗಲ್ಲ ಆಂಟಿ. ಮುಂದಿನ ವರ್ಷದ ರೇಬೀಸ್ ಲಸಿಕೆ ಯಾರು ಹಾಕಿಸ್ತಾರೆ? ಮತ್ತೆ ಟ್ರಕ್ಕಲ್ಲಿ ಹತ್ತಿಸಲ್ಲ ಅಂದ್ರೆ?"

ಅದು ನ್ಯಾಯವಾದ ಪ್ರಶ್ನೆ. ಉತ್ತರ ಕೊಟ್ಟದ್ದು ಕಾಕು ಅಲ್ಲ, ಆ ಕೂಲಿ ಹೆಂಗಸೇ. ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, "ಸೂಜಿ ಎಲ್ಲಿ ಹಾಕ್ತಾರ ಹೇಳ್ರಿ, ಹಾಕಸ್ತೀನಿ. ಟ್ರಕ್ಕಿಂದು ನನಗೂ ಗೊತ್ತಿಲ್ರಿ. ಹತ್ತಸಲಿಲ್ಲಂದ್ರ ಮತ್ತ ಇಲ್ಲೇ ತಂದು ಇಡ್ತೀನಿ. ಇಟ್ಕೋತೀರಲ್ಲ ಅಕ್ಕಾರ?" ಎಂದಳು.

"ಮತ್ತ ಕೇಳತೀಯಲ್ಲ," ಎಂದರು ಕಾಕು.

ಹುಡುಗಿ ಸರಕಾರಿ ಪಶು ಆಸ್ಪತ್ರೆಯಲ್ಲಿ ಏನು ಕೇಳಬೇಕು, ಎಷ್ಟು ದಿನಕ್ಕೊಮ್ಮೆ ಎಂದು ಆಕೆಗೆ ಬಾಯಿಪಾಠವಾಗುವಂತೆ ಹೇಳಿಕೊಟ್ಟಳು. ನಂಬರು ಕೇಳಲಿಲ್ಲ. ಕೆಂಚನಿಗೆ ಒಂದು ಗಟ್ಟಿ ಬೆಲ್ಟು ಕಟ್ಟಿದಳು. ಅವರು ಹೋದರು. ಬೀದಿಯ ತಿರುವಿನವರೆಗೂ ನಾಯಿ ಎರಡು ಸಲ ಹಿಂದಕ್ಕೆ ನೋಡಿತು ಎಂದು ಬರೆಯಬಹುದು. ನೋಡಿತೋ ಇಲ್ಲವೋ. ನಾನು ಕಾಕುವನ್ನು ನೋಡುತ್ತಿದ್ದೆ.

ಅವರು ನಿಂತಲ್ಲಿಂದಲೇ ಹುಡುಗಿಗೆ, "ಈಗರ ಯಾರನ್ನರ ಕಳಸ್ರಿ ನನಗ. ಕೋಣಿ ಖಾಲಿ ಅದ" ಎಂದರು. ಅವಳು ಯಾರನ್ನೂ ಕೇಳದೆ, ಮರುವಾರ ಹಾಲು ಕುಡಿಯುವ ಬೆಕ್ಕಿನ ಮರಿಗಳನ್ನು ತಂದಳು. ಸಂಸ್ಥೆಯಲ್ಲಿ ಅದಕ್ಕೆ ಏನಂದರೋ ಅವಳು ಹೇಳಲಿಲ್ಲ.

ಕಾಕು ತೀರಿಕೊಂಡದ್ದು ಅದರ ಮುಂದಿನ ಬೇಸಿಗೆಯಲ್ಲಿ, ಆಸ್ಪತ್ರೆಯಲ್ಲಿ, ಹೃದಯದ ತೊಂದರೆಯಿಂದ. ಕೊನೆಯ ಮಾತು ಎಂದು ಏನಾದರೂ ಇದ್ದರೆ ಅದು ನರ್ಸಿಗೆ ಹೇಳಿದ್ದಿರಬೇಕು. ನಾನು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಹುಚ್ಚಿ ಈಗ ನನ್ನ ಮನೆಯಲ್ಲಿದೆ. ಏಕವಚನದಲ್ಲಿ ಬೈದರೆ ಮಾತ್ರ ಕೇಳುತ್ತದೆ. ಸಂಸ್ಥೆಯವರು ನನ್ನಲ್ಲೂ ಮರಿಗಳನ್ನು ಬಿಡತೊಡಗಿದ್ದಾರೆ. ಇದನ್ನೆಲ್ಲ ಅವರಿಂದ ಕಲಿತೆ ಎಂದು ಹೇಳಬೇಕು. ಹೇಳುತ್ತೇನೆ. ಆದರೆ ಅವರ ಹಟ ನನಗೆ ಬಂದಿಲ್ಲ. ಪ್ರಾಣಿಯನ್ನು ಕೊಡಲು ಬಂದವರೆದುರು ನನಗೆ ಮೊದಲು ಬರುವುದು ಸಿಟ್ಟು, ಅದನ್ನು ನುಂಗಿದ ಮೇಲೆಯೇ ಚಹಾ.

ಕೆಂಚ ಬದುಕಿದೆಯೇ ಎಂದು ಆ ಹುಡುಗಿ ಆಗಾಗ ಕೇಳುತ್ತಾಳೆ. ಆ ಕೂಲಿ ಹೆಂಗಸು ಆ ವರ್ಷದ ಸೂಜಿ ಹಾಕಿಸಿದಳೋ ಇಲ್ಲವೋ, ಮುಂದಿನ ಟ್ರಕ್ಕಿನಲ್ಲಿ ಹತ್ತಿಸಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಮತ್ತೆ ತಂದು ಇಡಲು ಆಕೆ ಬಂದು, ಬೀಗ ಹಾಕಿದ ಬಾಗಿಲು ಕಂಡು ತಿರುಗಿ ಹೋದಳೋ, ಅದೂ ಗೊತ್ತಿಲ್ಲ. ಹಗಲೆಲ್ಲ ನಾನು ಆಫೀಸಿನಲ್ಲಿರುತ್ತೇನೆ. ಕ್ಯಾಂಪಿನ ಬಂಗಲೆಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ನಮ್ಮಲ್ಲಿ ಅದರ ಹತ್ತಾರು ಫೋಟೋ ಇರುತ್ತಿದ್ದವು. ಕಾಕು ಮಾಡಿದ್ದು ಸರಿಯೇ ಎಂಬುದನ್ನು ನಾನು ಹೇಳಲಾರೆ. ನಾನಾಗಿದ್ದರೆ ನಂಬರು ತೆಗೆದುಕೊಳ್ಳುತ್ತಿದ್ದೆ.